ಕುಡಿತ, ಖಿನ್ನತೆ, ಕೈಯಲ್ಲಿ ಕಾಸಿಲ್ಲ: ಯಾವ ಬಾಗಿಲು ತಟ್ಟಬೇಕು?

ಬಸ್ ಸ್ಟ್ಯಾಂಡಿನ ಕಂಬ, ಶೌಚಾಲಯದ ಗೋಡೆ, ಸಿಟಿ ಬಸ್ಸಿನ ಕಿಟಕಿ ಪಕ್ಕ. ಇಲ್ಲೆಲ್ಲ ಒಂದೇ ಥರದ ಚೀಟಿ ಅಂಟಿರುತ್ತದೆ. ಕುಡಿಯುವವರಿಗೆ ಗೊತ್ತೇ ಆಗದ ಹಾಗೆ ಕುಡಿತ ಬಿಡಿಸುತ್ತೇವೆ, ಊಟದಲ್ಲಿ ಬೆರೆಸಿ ಕೊಟ್ಟರೆ ಸಾಕು ಅಂತ. ಕೆಳಗೆ ಒಂದು ಮೊಬೈಲ್ ನಂಬರ್. ಡಾಕ್ಟರ ಹೆಸರಿಲ್ಲ, ಔಷಧಿಯ ಹೆಸರಿಲ್ಲ, ವಿಳಾಸವೂ ಇಲ್ಲ. ಆದರೂ ಜನ ಆ ನಂಬರಿಗೆ ಫೋನ್ ಮಾಡುತ್ತಾರೆ. ಯಾಕೆಂದರೆ ಅದು ಕಣ್ಣಿಗೆ ಬೀಳುವ ಜಾಗದಲ್ಲಿದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅನ್ನೋದನ್ನು ಯಾರೂ ಕಂಬಕ್ಕೆ ಅಂಟಿಸುವುದಿಲ್ಲ.

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ಕುಡಿತದ ಸಮಸ್ಯೆ ಇರುವ ನೂರು ಜನರಲ್ಲಿ ಸುಮಾರು 86 ಮಂದಿ ಚಿಕಿತ್ಸೆಯ ಹೊರಗೇ ಇದ್ದಾರೆ ಅಂತ ಅದು ಹೇಳಿತು. ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆಗಳಲ್ಲೂ ನೂರಕ್ಕೆ 85 ಮಂದಿಯದು ಇದೇ ಕಥೆ. ಇದಕ್ಕೆ ನಾಚಿಕೆ ಒಂದು ಕಾರಣ, ದುಡ್ಡು ಇನ್ನೊಂದು. ಆದರೆ ಕರ್ನಾಟಕದ ಮಟ್ಟಿಗೆ ನನಗೆ ಅನಿಸುವುದೇ ಬೇರೆ. ಇಲ್ಲಿ ಪುಕ್ಕಟೆ ಅಥವಾ ಅತಿ ಕಡಿಮೆ ಖರ್ಚಿನ ಸಹಾಯ ಸಾಕಷ್ಟಿದೆ. ಯಾವ ತೊಂದರೆಗೆ ಎಲ್ಲಿಗೆ ಹೋಗಬೇಕು ಅನ್ನೋದು ಗೊತ್ತಿಲ್ಲದೆ ಜನ ಪುಡಿಗೆ, ತಾಯತಕ್ಕೆ, ಬೋರ್ಡಿಲ್ಲದ ‘ಸೆಂಟರ್’ಗಳಿಗೆ ದುಡ್ಡು ಸುರಿಯುತ್ತಾರೆ. ಖಾಸಗಿ ಮನೋವೈದ್ಯರ ಒಂದು ವರ್ಷದ ಫೀಸಿಗಿಂತ ಅದೇ ಜಾಸ್ತಿ ಆಗಿಬಿಡುತ್ತದೆ.

ಹಾಗಾಗಿ ಈ ಬರಹ, ಎಲ್ಲಿಗೆ ಹೋಗಬೇಕು ಅನ್ನೋದರ ಬಗ್ಗೆ.

ಮೊದಲು ಯಾರು ಏನು ಮಾಡುತ್ತಾರೆ

ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು. ಮಾತ್ರೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ, ಮಾತಿನ ಚಿಕಿತ್ಸೆ ಕೊಡುತ್ತಾರೆ, ಪರೀಕ್ಷೆಗಳನ್ನು ಮಾಡುತ್ತಾರೆ. ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಾಯಿಸಿಕೊಂಡಿರಬೇಕು. ನಂಬರ್ ಕೇಳಿದರೆ ಹೇಳುತ್ತಾರೆ, ಕೇಳೋಕೆ ಸಂಕೋಚ ಬೇಡ. ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಮನೆ, ಕೆಲಸ, ಸಂಸಾರದ ಕಡೆಯಿಂದ ತೊಂದರೆಯನ್ನು ನೋಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಪೆನ್ಷನ್, ಅಂಗವಿಕಲರ ಕಾರ್ಡು, ಮುಂದಿನ ವ್ಯವಸ್ಥೆ ಎಲ್ಲ ಗೊತ್ತಿರುವವರು ಇವರೇ.

ಇನ್ನು ಆಪ್ತಸಮಾಲೋಚಕರು, ಕೌನ್ಸೆಲರ್. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಎರಡು ವರ್ಷದ ಎಂಎಸ್ಸಿ ಓದಿ, ಹಿರಿಯರ ಕೈಕೆಳಗೆ ಪಳಗಿದವರೂ ಈ ಬೋರ್ಡು ಹಾಕುತ್ತಾರೆ, ವಾರದ ಆನ್‌ಲೈನ್ ಕೋರ್ಸ್ ಮಾಡಿದವರೂ ಹಾಕುತ್ತಾರೆ. ಏನು ಓದಿದ್ದೀರಿ, ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ, ನಿಮ್ಮ ಕೈಯಲ್ಲಿ ಆಗದಿದ್ದರೆ ಯಾರ ಹತ್ತಿರ ಕಳಿಸುತ್ತೀರಿ ಅಂತ ಕೇಳಿ. ಈ ಮೂರನೇ ಪ್ರಶ್ನೆಯ ಉತ್ತರ ಮುಖ್ಯ. ‘ಎಲ್ಲವನ್ನೂ ನಾವೇ ಸರಿ ಮಾಡುತ್ತೇವೆ’ ಅನ್ನುವವರಿಂದ ದೂರ ಇರಿ.

ಕೌನ್ಸೆಲಿಂಗ್ ಸಾಕೋ, ಡಾಕ್ಟರ್ ಬೇಕೋ? ಮನಸ್ಸಿಗೆ ಬೇಜಾರು, ಗಂಡ ಹೆಂಡತಿ ಜಗಳ, ಪರೀಕ್ಷೆಯ ಭಯ, ಸಾವಿನ ದುಃಖ, ಇಂಥವಕ್ಕೆ ಮಾತಿನಿಂದ ಶುರು ಮಾಡಬಹುದು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಸಾಯುವ ಯೋಚನೆ ಬರುತ್ತಿದೆ, ಇಲ್ಲದ ದನಿ ಕೇಳಿಸುತ್ತಿದೆ, ಯಾರೋ ಮಾಟ ಮಾಡಿಸಿದ್ದಾರೆ ಅಂತ ಮನೆಯವರನ್ನೇ ಅನುಮಾನಿಸುತ್ತಿದ್ದಾರೆ. ಹೀಗಿದ್ದರೆ ನೇರ ಡಾಕ್ಟರ ಹತ್ತಿರ ಹೋಗಿ. ಬಾಣಂತಿ ಸನ್ನಿ ಅಂತ ಹಳ್ಳಿಯಲ್ಲಿ ಹೇಳುತ್ತಾರಲ್ಲ, ಅದಂತೂ ಒಂದು ದಿನವೂ ಕಾಯುವ ವಿಷಯ ಅಲ್ಲ. ನಿಮ್ಹಾನ್ಸಿನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಾರ್ಡೇ ಇದೆ.

ಫೋನಿನಿಂದ ಶುರು ಮಾಡುವುದಾದರೆ

14416. ಈ ನಂಬರನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಟೆಲಿ ಮಾನಸ್ ಅಂತ ಇದರ ಹೆಸರು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಕೇಂದ್ರ ಸರ್ಕಾರ ಶುರು ಮಾಡಿತು. ಇಡೀ ದೇಶದ ಈ ವ್ಯವಸ್ಥೆಗೆ ನಮ್ಮ ನಿಮ್ಹಾನ್ಸೇ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. 1800-891-4416 ಕೂಡ ಇದರದೇ ನಂಬರ್.

ಫೋನ್ ಮಾಡಿದಾಗ ಏನಾಗುತ್ತದೆ? ಮೊದಲು ರೆಕಾರ್ಡ್ ಮಾಡಿದ ದನಿ ಭಾಷೆ ಆರಿಸಲು ಹೇಳುತ್ತದೆ. ಆಮೇಲೆ ತರಬೇತಿ ಪಡೆದ ಕೌನ್ಸೆಲರ್ ಸಿಗುತ್ತಾರೆ. ಕೇಳಿಸಿಕೊಳ್ಳುತ್ತಾರೆ, ಒಂದಷ್ಟು ಪ್ರಶ್ನೆ ಕೇಳುತ್ತಾರೆ. ಅವರ ಮಟ್ಟದಲ್ಲಿ ಮುಗಿಯುವಂಥದ್ದಲ್ಲ ಅನಿಸಿದರೆ ಮನೋವೈದ್ಯರ ಅಥವಾ ಸೈಕಾಲಜಿಸ್ಟರ ಹಂತಕ್ಕೆ ದಾಟಿಸುತ್ತಾರೆ, ಇಲ್ಲವೇ ನಿಮ್ಮ ಜಿಲ್ಲೆಯಲ್ಲಿ ಎಲ್ಲಿಗೆ ಹೋಗಬೇಕು ಅಂತ ಹೇಳುತ್ತಾರೆ. ಕಾಯಿಲೆ ಇರುವವರೇ ಫೋನ್ ಮಾಡಬೇಕು ಅಂತಿಲ್ಲ. ಮಗನ ಬಗ್ಗೆ ತಾಯಿ ಮಾಡಬಹುದು, ಅಣ್ಣನ ಬಗ್ಗೆ ತಂಗಿ ಮಾಡಬಹುದು. ಏನು ಮಾತಾಡಬೇಕು ಅಂತಲೇ ತಿಳಿಯದಿದ್ದರೆ, ‘ನಮ್ಮ ತಾಲ್ಲೂಕಿನಲ್ಲಿ ಮನೋವೈದ್ಯರು ಎಲ್ಲಿ ಸಿಗುತ್ತಾರೆ’ ಅಂತ ಕೇಳಿದರೂ ಸಾಕು, ಮುಂದಿನ ಮಾತು ತಾನಾಗಿ ಬರುತ್ತದೆ.

ಕುಡಿತ, ಡ್ರಗ್ಸ್ ವಿಷಯಕ್ಕೇ ಮೀಸಲಾದ ಇನ್ನೊಂದು ನಂಬರ್ 14446. ಇದು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ್ದು. ಹತ್ತಿರದ ವ್ಯಸನಮುಕ್ತಿ ಕೇಂದ್ರ ಯಾವುದು ಅಂತ ಇಲ್ಲಿ ಕೇಳಬಹುದು. ಬೀಡಿ, ಸಿಗರೇಟು, ಗುಟ್ಕಾ ಬಿಡಬೇಕು ಅನ್ನುವವರಿಗೆ 1800-11-2356. ಗುಟ್ಕಾ ಪ್ಯಾಕೆಟ್ಟಿನ ಮೇಲೇ ಈ ನಂಬರ್ ಅಚ್ಚಾಗಿರುತ್ತದೆ, ಹರಿದು ಬಿಸಾಡುವ ಜಾಗದಲ್ಲಿ ಯಾರು ಓದುತ್ತಾರೆ ಹೇಳಿ! 1933 ಅನ್ನುವ ನಂಬರಿಗೂ ‘ಮಾನಸ್’ ಅಂತಲೇ ಹೆಸರಿದೆ. ಅದು ಮಾದಕವಸ್ತು ನಿಯಂತ್ರಣ ಬ್ಯೂರೋದ್ದು. ಎರಡನ್ನೂ ಕಲಸಿಕೊಳ್ಳಬೇಡಿ. ಮನಸ್ಸಿನ ತೊಂದರೆಗೆ 14416.

ಮಂಗಳವಾರದ ಕ್ಲಿನಿಕ್ಕು

ಕರ್ನಾಟಕದಲ್ಲಿ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ. ಮನೋವೈದ್ಯರು ಜಿಲ್ಲಾ ಕೇಂದ್ರದಿಂದ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬಂದು ರೋಗಿಗಳನ್ನು ನೋಡುತ್ತಾರೆ. ಅದಕ್ಕೇ ಇದನ್ನು ಸೂಪರ್ ಟ್ಯೂಸ್‌ಡೇ ಕ್ಲಿನಿಕ್ ಅಂತ ಕರೆಯುವುದು. ಯಾವ ತಾಲ್ಲೂಕಿಗೆ ಯಾವ ಮಂಗಳವಾರ ಅನ್ನೋದು ಬೇರೆ ಬೇರೆ. ಹೋಗುವ ಮುಂಚೆ ಓಪಿಡಿ ಚೀಟಿ ಕೊಡುವ ಕೌಂಟರಿನಲ್ಲಿ ವಿಚಾರಿಸಿ, ಇಲ್ಲವೇ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಸುಮ್ನೆ ಒಂದು ಮಂಗಳವಾರ ಹೋಗಿ, ಡಾಕ್ಟರ್ ಬಂದಿಲ್ಲ ಅಂತ ವಾಪಸ್ ಬಂದು, ಆಮೇಲೆ ಆ ಕಡೆಗೇ ತಲೆ ಹಾಕದಿರುವವರು ಬಹಳ.

ಜಿಲ್ಲಾಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತದೆ. ಮನೋವೈದ್ಯರು, ಸೈಕಾಲಜಿಸ್ಟ್, ಸೋಷಿಯಲ್ ವರ್ಕರ್, ನರ್ಸ್, ಎಲ್ಲ ಸೇರಿದ ತಂಡ. ಆಸ್ಪತ್ರೆಯ ದಾಸ್ತಾನಿನಲ್ಲಿರುವ ಮಾತ್ರೆಗಳನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ.

ಈ ಕಾರ್ಯಕ್ರಮದ ಬೇರು ನಮ್ಮ ಬಳ್ಳಾರಿಯಲ್ಲಿದೆ. 1980ರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರುಗಳಿಗೆ, ಆರೋಗ್ಯ ಸಹಾಯಕರಿಗೆ ತರಬೇತಿ ಕೊಟ್ಟು, ಕೆಲವೇ ಕೆಲವು ಮಾತ್ರೆಗಳನ್ನು ಅಲ್ಲಿಗೇ ತಲುಪಿಸಿ, ಮನೋರೋಗಕ್ಕೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಕೊಡಬಹುದಾ ಅಂತ ನೋಡಿದರು. ಕೊಡಬಹುದು ಅಂತ ಗೊತ್ತಾಯಿತು. 1996ರಲ್ಲಿ ದೇಶದ ಜಿಲ್ಲೆಗಳಲ್ಲಿ ಶುರುವಾದ ಕಾರ್ಯಕ್ರಮಕ್ಕೆ ‘ಬಳ್ಳಾರಿ ಮಾದರಿ’ಯೇ ಅಚ್ಚು. ದೇಶಕ್ಕೆ ಮಾದರಿ ಕೊಟ್ಟ ರಾಜ್ಯದಲ್ಲೇ ಜನ ಕಂಬದ ಚೀಟಿ ನಂಬುತ್ತಾರೆ ಅನ್ನೋದು ಬೇಜಾರಿನ ಸಂಗತಿ, ಅಲ್ವಾ?

ಇದಕ್ಕಿಂತ ದೊಡ್ಡ ಆಸ್ಪತ್ರೆ ಬೇಕಾದರೆ ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಸರ್ಕಾರಿ ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗ ಇರುತ್ತದೆ. ಖಾಸಗಿ ಮೆಡಿಕಲ್ ಕಾಲೇಜುಗಳನ್ನೂ ಮರೆಯಬೇಡಿ. ವಿದ್ಯಾರ್ಥಿಗಳ ಕಲಿಕೆಗೆ ರೋಗಿಗಳು ಬೇಕಾಗಿರುವುದರಿಂದ ಜನರಲ್ ಓಪಿಡಿ ದರ ಸಾಮಾನ್ಯವಾಗಿ ಕಡಿಮೆ. ಮೊದಲು ಕಿರಿಯ ಡಾಕ್ಟರ್ ಕೂತು ವಿವರವಾಗಿ ಬರೆದುಕೊಂಡು, ಆಮೇಲೆ ಪ್ರೊಫೆಸರ್ ನೋಡುತ್ತಾರೆ. ಹೊತ್ತು ಹಿಡಿಯುತ್ತದೆ, ಒಂದೇ ಕಥೆಯನ್ನು ಎರಡು ಸಲ ಹೇಳಬೇಕಾಗುತ್ತದೆ. ಆದರೆ ದುಬಾರಿ ಕ್ಲಿನಿಕ್ಕಿನ ಹತ್ತು ನಿಮಿಷಕ್ಕಿಂತ ಅಲ್ಲಿ ನಿಮ್ಮ ಮಾತನ್ನು ಹೆಚ್ಚು ಕೇಳಿಸಿಕೊಳ್ಳುವ ಸಾಧ್ಯತೆ ಇದೆ.

ಕುಡಿತ ನಿಲ್ಲಿಸುವ ಮೊದಲ ವಾರ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಇದು ಪ್ರಾಣದ ವಿಷಯ.

ತಿಪಟೂರು ಕಡೆಯ ಒಬ್ಬ ಗಾರೆ ಮೇಸ್ತ್ರಿ ಅಂತ ಇಟ್ಟುಕೊಳ್ಳಿ. ಹತ್ತು ವರ್ಷದಿಂದ ದಿನಾ ಎರಡು ಕ್ವಾರ್ಟರ್. ಬೆಳಿಗ್ಗೆ ಎದ್ದರೆ ಕೈ ನಡುಗುತ್ತದೆ, ಒಂದು ಪ್ಯಾಕೆಟ್ ಹಾಕಿದ ಮೇಲೆಯೇ ಕರಣೆ ಹಿಡಿಯೋಕೆ ಬರುತ್ತದೆ. ಮಗಳ ಮೇಲೆ ಆಣೆ ಮಾಡಿ, ಒಂದು ಸೋಮವಾರ ಪೂರ್ತಿ ನಿಲ್ಲಿಸಿಬಿಡುತ್ತಾರೆ. ಮನೆಯವರಿಗೆ ಖುಷಿಯೋ ಖುಷಿ.

ಅದೇ ದಿನ ಸಂಜೆಯ ಹೊತ್ತಿಗೆ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನದ ಮೇಲೆ ಕೆಲವರಿಗೆ ಸನ್ನಿ ಹಿಡಿದಂತಾಗುತ್ತದೆ. ಮೈಮೇಲೆ ಇರುವೆ ಹರಿಯುತ್ತಿವೆ ಅಂತ ಕೊಡವಿಕೊಳ್ಳುತ್ತಾರೆ, ಗೋಡೆಯ ಮೇಲೆ ಯಾರನ್ನೋ ನೋಡಿ ಬೆದರುತ್ತಾರೆ, ಎಲ್ಲಿದ್ದೇನೆ ಅನ್ನೋದೇ ಗೊತ್ತಾಗುವುದಿಲ್ಲ. ಡೆಲಿರಿಯಂ ಟ್ರೆಮೆನ್ಸ್ ಅಂತ ಇದರ ಹೆಸರು. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಎಷ್ಟೋ ಮನೆಯಲ್ಲಿ ಇದನ್ನು ಗಾಳಿ ಸೋಕಿದೆ, ದೆವ್ವ ಮೆಟ್ಟಿಕೊಂಡಿದೆ ಅಂದುಕೊಂಡು ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಾರೆ. ಆ ಹೊತ್ತಿಗೆ ಹೋಗಬೇಕಾದದ್ದು ಆಸ್ಪತ್ರೆಯ ತುರ್ತು ವಿಭಾಗಕ್ಕೆ. 108ಕ್ಕೆ ಫೋನ್ ಮಾಡಿ.

ಹಾಗಾಗಿ ದಿನಾ ಜಾಸ್ತಿ ಕುಡಿಯುವವರು, ಬೆಳಿಗ್ಗೆ ನಡುಕ ಇರುವವರು, ಹಿಂದೆ ನಿಲ್ಲಿಸಿದಾಗ ಫಿಟ್ಸ್ ಬಂದವರು ಡಾಕ್ಟರ್ ಇಲ್ಲದೆ ಏಕಾಏಕಿ ನಿಲ್ಲಿಸಬಾರದು. ಇದಕ್ಕೆ ಬೇಕಾಗುವ ಚಿಕಿತ್ಸೆ ದುಬಾರಿಯೇನಲ್ಲ. ಕ್ಲೋರ್‌ಡಯಾಜೆಪಾಕ್ಸೈಡ್ ಥರದ ಮಾತ್ರೆಯನ್ನು ಜಾಸ್ತಿ ಪ್ರಮಾಣದಿಂದ ಶುರು ಮಾಡಿ ಸುಮಾರು ಒಂದು ವಾರದಲ್ಲಿ ಇಳಿಸುತ್ತಾ ಬರುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್, ಕೊಡುತ್ತಾರೆ. ಸುಸ್ತಾಗಿದೆ ಅಂತ ಹತ್ತಿರದ ಕ್ಲಿನಿಕ್ಕಿನಲ್ಲಿ ಬರೀ ಗ್ಲೂಕೋಸ್ ಹಾಕಿಸಿಕೊಂಡು ಬರುವ ರೂಢಿ ನಮ್ಮಲ್ಲಿದೆ. ಕುಡಿತದಿಂದ ಬಿ1 ಖಾಲಿಯಾದ ದೇಹಕ್ಕೆ ಥಯಾಮಿನ್ ಇಲ್ಲದೆ ಗ್ಲೂಕೋಸ್ ಹೋದರೆ ಮೆದುಳಿಗೆ ತೊಂದರೆಯಾಗಬಹುದು. ‘ಇವರು ದಿನಾ ಕುಡಿಯುತ್ತಾರೆ’ ಅನ್ನೋ ಒಂದು ಮಾತನ್ನು ಡಾಕ್ಟರಿಗೆ ಹೇಳಲೇಬೇಕು.

ಇನ್ನು ಆ ಪುಡಿ. ಚೀಟಿ ಅಂಟಿಸುವವರು ಅದರಲ್ಲಿ ಏನು ಹಾಕುತ್ತಾರೆ ಅಂತ ಹೇಳುವುದಿಲ್ಲ. ಡೈಸಲ್ಫಿರಾಂ ಅನ್ನುವ ಮಾತ್ರೆಯನ್ನು ಪುಡಿ ಮಾಡಿ ಗುಟ್ಟಾಗಿ ಬೆರೆಸುವುದುಂಟು. ಇದು ನಿಜವಾದ ಔಷಧಿಯೇ. ಅದನ್ನು ತೆಗೆದುಕೊಂಡ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಇಳಿಯುತ್ತದೆ. ಕುಡಿದರೆ ಹೀಗಾಗುತ್ತದೆ ಅಂತ ಗೊತ್ತಿದ್ದವರು ಹೆದರಿಕೊಂಡು ಕುಡಿಯದೆ ಇರುತ್ತಾರೆ. ಔಷಧಿ ಕೆಲಸ ಮಾಡುವುದೇ ಆ ಹೆದರಿಕೆಯಿಂದ. ಗೊತ್ತಿಲ್ಲದವರು ಎಂದಿನಂತೆ ಕುಡಿಯುತ್ತಾರೆ, ಹೃದಯ ದುರ್ಬಲವಾಗಿದ್ದರೆ ಸತ್ತೂ ಹೋಗಬಹುದು. ಅದಕ್ಕೇ ಒಳ್ಳೆಯ ಡಾಕ್ಟರುಗಳು ರೋಗಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿದ ಮೇಲೆಯೇ ಅದನ್ನು ಕೊಡುತ್ತಾರೆ. ಕುಡಿಯುವ ಆಸೆಯನ್ನೇ ತಗ್ಗಿಸುವ ಬೇರೆ ಮಾತ್ರೆಗಳೂ ಈಗ ಇವೆ, ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಂತ. ಯಾರಿಗೆ ಯಾವುದು ಅನ್ನೋದು ಲಿವರಿನ, ಕಿಡ್ನಿಯ ಸ್ಥಿತಿ ನೋಡಿ ಹೇಳಬೇಕಾದ ಮಾತು.

ಶಿಬಿರ, ಮೀಟಿಂಗು, ಕೇಂದ್ರ

ದೇಹ ಶಾಂತವಾದ ಮೇಲೆ ಅಸಲಿ ಕೆಲಸ ಶುರು. ಸಂಜೆ ಆರಾದರೆ ಕಾಲು ತಾನಾಗಿ ಬಾರಿನ ಕಡೆ ಎಳೆಯುತ್ತದೆ. ಆ ಹೊತ್ತನ್ನು ದಾಟಿಸೋಕೆ ಜನ ಬೇಕು.

ಕರಾವಳಿ, ಮಲೆನಾಡಿನವರಿಗೆ ಮದ್ಯವರ್ಜನ ಶಿಬಿರ ಹೊಸದಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ರಾಜ್ಯದ ಬೇರೆ ಬೇರೆ ಊರುಗಳಲ್ಲಿ ಇವನ್ನು ನಡೆಸುತ್ತಾರೆ. ಸುಮಾರು ಎಂಟು ದಿನ ಅಲ್ಲೇ ಇರಬೇಕು. ಊರಿನವರೇ ಸಮಿತಿ ಮಾಡಿಕೊಂಡು ಜಾಗ, ಊಟದ ವ್ಯವಸ್ಥೆ ಮಾಡುತ್ತಾರೆ. ಯೋಗ, ಭಜನೆ, ಗುಂಪಿನಲ್ಲಿ ಮಾತು, ಮನೆಯವರ ಜೊತೆ ಮಾತು, ಹೀಗೆ ದಿನ ಸಾಗುತ್ತದೆ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಮಾಡಿಕೊಂಡು ಬಿಟ್ಟವರೆಲ್ಲ ಮತ್ತೆ ಮತ್ತೆ ಸೇರುತ್ತಾರೆ. ನನ್ನ ಪ್ರಕಾರ ಈ ಶಿಬಿರಗಳ ಶಕ್ತಿ ಇರುವುದು ಎಂಟು ದಿನದಲ್ಲಲ್ಲ, ಆಮೇಲಿನ ಸಮಿತಿಯಲ್ಲಿ. ಭಜನೆ ಎಲ್ಲರಿಗೂ ಒಗ್ಗುವುದಿಲ್ಲ, ಅದೂ ನಿಜ. ತೀರಾ ಜಾಸ್ತಿ ಕುಡಿಯುವವರು ಸೇರುವ ಮುಂಚೆ ಡಾಕ್ಟರಿಗೆ ತೋರಿಸಿಕೊಂಡೇ ಹೋಗಬೇಕು. ಹಿಂದೆ ಹೇಳಿದ ಫಿಟ್ಸ್ ಶಿಬಿರದಲ್ಲೂ ಬರಬಹುದು.

ಇನ್ನೊಂದು ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರೂ ಎಎ ಅಂತಾರೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರು ಮಾಡಿದ್ದು. ಫೀಸಿಲ್ಲ. ಕೊನೆಗೆ ಒಂದು ಚೀಲ ತಿರುಗುತ್ತದೆ, ಇದ್ದವರು ಹತ್ತೋ ಇಪ್ಪತ್ತೋ ಹಾಕುತ್ತಾರೆ, ಇಲ್ಲದವರು ಇಲ್ಲ. ಪೂರ್ತಿ ಹೆಸರು, ವಿಳಾಸ ಕೇಳುವುದಿಲ್ಲ. ಒಬ್ಬರು ಎದ್ದು ತಮ್ಮ ಕಥೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ, ಮಧ್ಯೆ ಯಾರೂ ಬುದ್ಧಿವಾದ ಹೇಳುವುದಿಲ್ಲ. ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ, ಇನ್ನೂ ಅನೇಕ ಊರುಗಳಲ್ಲಿ ಮೀಟಿಂಗ್ ನಡೆಯುತ್ತದೆ, ಕನ್ನಡದಲ್ಲೂ ನಡೆಯುತ್ತದೆ. ಕುಡಿಯುವವರ ಮನೆಯವರಿಗಾಗಿ ಆಲ್-ಅನಾನ್ ಅಂತ ಬೇರೆ ಗುಂಪುಗಳಿವೆ.

ಸ್ವಲ್ಪ ದಿನ ಉಳಿದುಕೊಂಡೇ ಚಿಕಿತ್ಸೆ ಬೇಕು ಅಂದರೆ, ಕೇಂದ್ರ ಸರ್ಕಾರದ ನೆರವಿನಲ್ಲಿ ಸ್ವಯಂಸೇವಾ ಸಂಸ್ಥೆಗಳು ನಡೆಸುವ ವ್ಯಸನಿಗಳ ಸಮಗ್ರ ಪುನರ್ವಸತಿ ಕೇಂದ್ರಗಳಿವೆ. ಹತ್ತಿರದ್ದು ಯಾವುದು ಅಂತ 14446ರಲ್ಲಿ ಕೇಳಿ. ನಿಮ್ಹಾನ್ಸಿನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ. ಉಡುಪಿಯ ದೊಡ್ಡಣಗುಡ್ಡೆಯಲ್ಲಿರುವ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯವರು ವ್ಯಸನಮುಕ್ತಿ ಶಿಬಿರಗಳನ್ನು ನಡೆಸಿಕೊಂಡು ಬಂದಿದ್ದಾರೆ.

ಖಾಸಗಿ ರಿಹ್ಯಾಬ್ ಸೆಂಟರ್ ಬಗ್ಗೆ ಎರಡು ಮಾತು. ಒಳ್ಳೆಯವೂ ಇವೆ. ಆದರೆ ರಾತ್ರಿ ವ್ಯಾನ್ ತಂದು ಮನುಷ್ಯನನ್ನು ಎತ್ತಿಕೊಂಡು ಹೋಗಿ, ಮೂರು ತಿಂಗಳು ಫೋನ್ ಕೂಡ ಕೊಡದೆ, ಬಾಗಿಲು ಹಾಕಿಡುವಂಥವೂ ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮನೋರೋಗಿಗಳನ್ನು ದಾಖಲಿಸಿಕೊಳ್ಳುವ ಕೇಂದ್ರ ನೋಂದಣಿ ಮಾಡಿಸಿರಬೇಕು. ಕುಡಿತ, ಡ್ರಗ್ಸ್‌ನಿಂದ ಬಂದ ಮಾನಸಿಕ ತೊಂದರೆಯೂ ಇದೇ ಕಾಯ್ದೆಯೊಳಗೆ ಬರುತ್ತದೆ. ಯಾರನ್ನೂ ಸರಪಳಿ ಹಾಕಿ ಕಟ್ಟುವಂತಿಲ್ಲ. ಒಪ್ಪಿಗೆ ಇಲ್ಲದೆ ದಾಖಲು ಮಾಡಬೇಕಾದರೆ ಒಬ್ಬ ಮನೋವೈದ್ಯರು, ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ಡಾಕ್ಟರು, ಹೀಗೆ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿರಬೇಕು, ಮೊದಲ ಸಲ 30 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ದುಡ್ಡು ಕಟ್ಟುವ ಮುಂಚೆ ನೋಂದಣಿ ಪತ್ರ ತೋರಿಸಿ ಅನ್ನಿ. ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ನಾವು ಯಾವಾಗ ಬಂದು ನೋಡಬಹುದು ಅಂತ ಕೇಳಿ. ವಾರ್ಡನ್ನು ಕಣ್ಣಾರೆ ನೋಡಿ. ಒಳಗೆ ಬಿಡದಿದ್ದರೆ ವಾಪಸ್ ಬನ್ನಿ.

ಮಾತಾಡೋಕೆ ಒಬ್ಬರು ಬೇಕು ಅನ್ನುವವರಿಗೆ

ಬೆಂಗಳೂರಿನಂಥ ಊರಲ್ಲಿ ಖಾಸಗಿ ಕೌನ್ಸೆಲಿಂಗ್ ಒಂದು ಸಲಕ್ಕೆ ಸಾವಿರ ರೂಪಾಯಿ ದಾಟುವುದು ಮಾಮೂಲು. ತಿಂಗಳಿಗೆ ನಾಲ್ಕು ಸಲ ಅಂದರೆ ಮನೆ ಬಾಡಿಗೆಯ ಲೆಕ್ಕಕ್ಕೆ ಹೋಗುತ್ತದೆ. ಅಲ್ಲೂ ಒಂದು ದಾರಿ ಇದೆ. ಎಷ್ಟೋ ಕೌನ್ಸೆಲರುಗಳು ಆದಾಯ ನೋಡಿ ಫೀಸು ಇಳಿಸುತ್ತಾರೆ, ಬೋರ್ಡಿನಲ್ಲಿ ಬರೆದಿರುವುದಿಲ್ಲ ಅಷ್ಟೇ. ‘ನನಗೆ ಇಷ್ಟು ಕೊಡೋಕಾಗುತ್ತದೆ’ ಅಂತ ಮೊದಲ ಫೋನಿನಲ್ಲೇ ಹೇಳಿ.

ನಿಮ್ಹಾನ್ಸಿನ ದೊಡ್ಡ ಕ್ಯಾಂಪಸ್ ನೋಡಿದರೇ ಅಳುಕು ಅನ್ನುವವರಿಗೆ ಅವರದ್ದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಬಿಟಿಎಂ ಬಡಾವಣೆಯಲ್ಲಿದೆ. ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರ ಹೆಸರು ಕನ್ನಡ ಓದುವವರಿಗೆ ಗೊತ್ತೇ ಇದೆ. ಅವರು ಕಟ್ಟಿದ ಸಮಾಧಾನ ಆಪ್ತಸಲಹಾ ಕೇಂದ್ರದಲ್ಲಿ ತರಬೇತಿ ಪಡೆದ ಸ್ವಯಂಸೇವಕರು ಉಚಿತವಾಗಿ ಸಲಹೆ ಕೊಡುತ್ತಾ ಬಂದಿದ್ದಾರೆ.

ಗಂಡನ ಕುಡಿತದ ಜೊತೆ ಹೊಡೆತವೂ ಇದೆ ಅಂದರೆ ದಾರಿ ಬೇರೆ. ಮಹಿಳಾ ಮತ್ತು ಮಕ್ಕಳ ಇಲಾಖೆಯ ಸಾಂತ್ವನ ಕೇಂದ್ರ, ಸಖಿ ಕೇಂದ್ರಗಳಲ್ಲಿ ಕೌನ್ಸೆಲಿಂಗ್ ಜೊತೆ ಕಾನೂನಿನ ನೆರವು, ತಾತ್ಕಾಲಿಕ ಆಸರೆ ಕೂಡ ಸಿಗುತ್ತದೆ. 181ಕ್ಕೆ ಫೋನ್ ಮಾಡಬಹುದು. ಮಕ್ಕಳ ವಿಷಯಕ್ಕೆ 1098. ಯುವಕ ಯುವತಿಯರಿಗಾಗಿ ರಾಜ್ಯದ ಯುವಜನ ಇಲಾಖೆ ನಿಮ್ಹಾನ್ಸಿನ ಜೊತೆ ಸೇರಿ ಯುವ ಸ್ಪಂದನ ಕೇಂದ್ರಗಳನ್ನು ಜಿಲ್ಲೆಗಳಲ್ಲಿ ಶುರು ಮಾಡಿತು. ಆಸ್ಪತ್ರೆ ಅನ್ನೋ ಮಾತೇ ಬೇಡ ಅನ್ನುವ ಹುಡುಗರಿಗೆ ಇದು ಸುಲಭ.

ಗಾರ್ಮೆಂಟ್ಸ್, ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವರ ಸಂಬಳದಲ್ಲಿ ಇಎಸ್‌ಐ ಕಟ್ ಆಗುತ್ತಿರುತ್ತದೆ. ಅದನ್ನು ಜ್ವರಕ್ಕೆ, ಹೆರಿಗೆಗೆ ಬಳಸುತ್ತೇವೆ, ಮನಸ್ಸಿಗೆ ಬಳಸುವುದಿಲ್ಲ. ಇಎಸ್‌ಐ ಡಿಸ್ಪೆನ್ಸರಿಯಲ್ಲೇ ಮನೋವೈದ್ಯರಿಗೆ ರೆಫರ್ ಮಾಡಿ ಅಂತ ಕೇಳಬಹುದು. ಖಾಸಗಿ ಆರೋಗ್ಯ ವಿಮೆ ಇದ್ದರೆ, ದೇಹದ ಕಾಯಿಲೆಯ ಹಾಗೆಯೇ ಮನೋರೋಗಕ್ಕೂ ವಿಮೆ ಕೊಡಬೇಕು ಅಂತ 2017ರ ಕಾಯ್ದೆಯೇ ಹೇಳುತ್ತದೆ. ಸಾಮಾನ್ಯವಾಗಿ ಅದು ದಾಖಲಾದರೆ ಮಾತ್ರ, ವಾರದ ಕೌನ್ಸೆಲಿಂಗಿಗೆ ಅಲ್ಲ.

ಪೊಲೀಸರ ಭಯ ಇರುವವರಿಗೆ ಒಂದು ಮಾತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ಭಾವಿಸುತ್ತದೆ, ಅವರಿಗೆ ಬೇಕಾದ್ದು ಆರೈಕೆ, ಶಿಕ್ಷೆಯಲ್ಲ. ಆತ್ಮಹತ್ಯೆಯ ಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ ಐಪಿಸಿ 309ನೇ ಸೆಕ್ಷನ್ 2024ರ ಜುಲೈನಿಂದ ಜಾರಿಗೆ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಇಲ್ಲ. ಗಾಂಜಾ ಅಥವಾ ಬೇರೆ ಡ್ರಗ್ಸ್ ಚಟಕ್ಕೆ ಚಿಕಿತ್ಸೆ ಕೇಳಿಕೊಂಡು ಹೋದರೆ ಡಾಕ್ಟರು ಆ ಮಾಹಿತಿಯನ್ನು ಗುಟ್ಟಾಗಿಡಬೇಕು. ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿದರೆ ವಿನಾಯಿತಿ ಕೊಡಲು ಮಾದಕವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ನಿನಲ್ಲಿ ಅವಕಾಶ ಇದೆ.

ಎರಡನೇ ಸಲ ಹೋಗುವುದು

ಪುಕ್ಕಟೆ ಚಿಕಿತ್ಸೆಗೂ ಖರ್ಚಿದೆ. ಬಸ್ ಚಾರ್ಜು, ಒಂದು ದಿನದ ಕೂಲಿ, ಜೊತೆಗೆ ಬರುವವರ ಕೂಲಿ. ಮೊದಲ ಸಲ ಹೋದವರಲ್ಲಿ ಬಹಳ ಜನ ಮೂರನೇ ಸಲಕ್ಕೆ ಇರುವುದಿಲ್ಲ. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡೋಕೇ ಎರಡರಿಂದ ನಾಲ್ಕು ವಾರ ಬೇಕು. ಹತ್ತು ದಿನ ನುಂಗಿ, ಏನೂ ಆಗಲಿಲ್ಲ ಅಂತ ಬಿಡುವವರು ಬಹಳ. ಸರಿ ಹೋದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ ಅಂತ ಡಾಕ್ಟರು ಹೇಳುತ್ತಾರೆ, ಅದೂ ಸುಮ್ನೆ ಹೇಳುವುದಲ್ಲ. ಬೇಗ ಬಿಟ್ಟರೆ ಮರುಕಳಿಸುತ್ತದೆ.

ಹಾಗಾಗಿ ದೂರವನ್ನು ಮೊದಲೇ ಲೆಕ್ಕ ಹಾಕಿ. ರಾಯಚೂರಿನಿಂದ ನಿಮ್ಹಾನ್ಸಿಗೆ ಒಂದು ಸಲ ಬಂದರೆ, ಮುಂದಿನ ತಪಾಸಣೆಯನ್ನು ರಾಯಚೂರಿನಲ್ಲೇ ಮಾಡಿಸಿಕೊಳ್ಳಬಹುದಾ, ಅಲ್ಲಿನ ಡಾಕ್ಟರಿಗೆ ಪತ್ರ ಬರೆದುಕೊಡಿ ಅಂತ ಕೇಳಿ. ಮಾತ್ರೆಯ ಕಂಪನಿ ಹೆಸರಿನ ಬದಲು ಔಷಧಿಯ ಹೆಸರನ್ನೇ ಬರೆಸಿಕೊಂಡರೆ ಜನೌಷಧಿ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತದೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಆಸ್ಪತ್ರೆಯ ಪುಸ್ತಕ, ಹಳೆಯ ಚೀಟಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯ ಖಾಲಿ ಸ್ಟ್ರಿಪ್, ರೇಷನ್ ಕಾರ್ಡ್ ಇವೆಲ್ಲ ಒಂದೇ ಕವರಿನಲ್ಲಿರಲಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಕೇಂದ್ರದಲ್ಲಿ ಮಾನಸಿಕ ಚಿಕಿತ್ಸೆ ಉಚಿತವಾಗಿ ಸಿಗಬೇಕು ಅನ್ನೋದು ಈಗ ಕಾಯ್ದೆಯಲ್ಲೇ ಇರುವ ಹಕ್ಕು.

ಕುಡಿತದವರು ಮತ್ತೆ ಕುಡಿಯುತ್ತಾರೆ. ಬಹಳ ಜನಕ್ಕೆ ಒಂದೇ ಸಲಕ್ಕೆ ಬಿಡೋಕಾಗುವುದಿಲ್ಲ. ‘ಎಲ್ಲ ದುಡ್ಡು ನೀರಿಗೆ ಹಾಕಿದ ಹಾಗಾಯಿತು’ ಅಂತ ಮನೆಯವರು ಅನ್ನುವುದು ಸಹಜ, ಆದರೆ ಡಾಕ್ಟರುಗಳು ಇದನ್ನು ಶುಗರ್ ಏರಿದ ಹಾಗೆ ನೋಡುತ್ತಾರೆ. ಬೈಸಿಕೊಳ್ಳುವ ಭಯದಿಂದ ತಪಾಸಣೆ ತಪ್ಪಿಸಿಕೊಳ್ಳುವುದು ಬೇಡ. ಕುಡಿದೆ ಅಂತ ಹೇಳಿಯೇ ಹೋಗಬಹುದು.

ಅವರು ಬರುವುದೇ ಇಲ್ಲ ಅಂದರೆ

ಎಲ್ಲ ಮನೆಯಲ್ಲೂ ಕೊನೆಗೆ ಬರುವ ಪ್ರಶ್ನೆ ಇದು. ‘ನನಗೇನಾಗಿದೆ, ನಾನೇನು ಹುಚ್ಚನಾ?’

ಕುಡಿದು ಬಂದಾಗ ಈ ಮಾತು ಎತ್ತಬೇಡಿ, ಅದು ಜಗಳಕ್ಕೇ ಹೋಗುತ್ತದೆ. ಬೆಳಿಗ್ಗೆ, ಅವರಿಗೇ ಬೇಜಾರಾಗಿರುವ ಹೊತ್ತಲ್ಲಿ, ‘ಕುಡಿತ ಬಿಡು’ ಅನ್ನುವ ಬದಲು ‘ನಿದ್ದೆ ಬರುತ್ತಿಲ್ಲ ಅಂತೀಯಲ್ಲ, ಅದಕ್ಕೊಂದು ಸಲ ತೋರಿಸೋಣ’ ಅಂದರೆ ಒಪ್ಪುವುದುಂಟು. ಅವರು ಬರದಿದ್ದರೂ ನೀವು ಹೋಗಿ. ಹೆಂಡತಿ ಅಥವಾ ತಾಯಿ ಒಬ್ಬರೇ ಬಂದು ಸೋಷಿಯಲ್ ವರ್ಕರ್ ಹತ್ತಿರ ಮಾತಾಡಿದರೆ, ಮನೆಯಲ್ಲಿ ಏನು ಮಾಡಬೇಕು, ಯಾವುದಕ್ಕೆ ದುಡ್ಡು ಕೊಡಬಾರದು, ಯಾವ ಸುಳ್ಳನ್ನು ಅವರ ಪರವಾಗಿ ಹೇಳಬಾರದು ಅಂತ ತಿಳಿಸಿಕೊಡುತ್ತಾರೆ. ಸಾಯುತ್ತೇನೆ ಅನ್ನುವ ಮಾತು ಬಂದರೆ, ನಾಟಕ ಅಂತ ತಳ್ಳಿಹಾಕಬೇಡಿ. ಹೊಲಕ್ಕೆ ತಂದಿಟ್ಟ ಕೀಟನಾಶಕವನ್ನು ಮನೆಯಿಂದ ಹೊರಗೆ ಸಾಗಿಸಿ, ಒಬ್ಬರನ್ನೇ ಬಿಡಬೇಡಿ, 14416ಕ್ಕೆ ಫೋನ್ ಮಾಡಿ. ಹೊಡೆತಕ್ಕೆ ಇಳಿದರೆ 112.

ಇನ್ನೊಂದು ದಾರಿ ತುಂಬಾ ಜನಕ್ಕೆ ಹೊಳೆಯುವುದಿಲ್ಲ. ಕುಡಿಯುವವರು ಯಾವತ್ತಾದರೂ ಬೇರೆ ಕಾರಣಕ್ಕೆ ಆಸ್ಪತ್ರೆ ಸೇರಿಯೇ ಸೇರುತ್ತಾರೆ. ಹೊಟ್ಟೆನೋವು, ಕಾಮಾಲೆ, ಬೈಕಿನಿಂದ ಬಿದ್ದು ಕಾಲು ಮುರಿತ. ಆಗ ವಾರ್ಡಿನ ಡಾಕ್ಟರಿಗೆ ಎಷ್ಟು ಕುಡಿಯುತ್ತಾರೆ, ಕೊನೆಯ ಸಲ ಯಾವಾಗ ಕುಡಿದರು ಅಂತ ನೇರವಾಗಿ ಹೇಳಿ, ‘ಸೈಕಿಯಾಟ್ರಿ ರೆಫರೆನ್ಸ್ ಹಾಕಿ’ ಅಂತ ಕೇಳಿ. ದೊಡ್ಡ ಆಸ್ಪತ್ರೆಯಾದರೆ ಮನೋವೈದ್ಯರೇ ಆ ಬೆಡ್ಡಿನ ಹತ್ತಿರ ಬರುತ್ತಾರೆ. ಬರಲ್ಲ ಅನ್ನುತ್ತಿದ್ದವರು ಅವತ್ತು ಮಾತಾಡುವ ಸಾಧ್ಯತೆ ಹೆಚ್ಚು. ಹೇಗೂ ಎರಡು ದಿನದಿಂದ ಕುಡಿದಿರುವುದಿಲ್ಲ, ಕಾಲಿಗೆ ಪ್ಲಾಸ್ಟರ್ ಬೇರೆ ಹಾಕಿರುತ್ತಾರೆ.